ಒಬ್ಬೊಬ್ಬರು ಒಂದೊಂದು ಹಾಡಿ ವಹಿಸಿಕೊಳ್ಳಿ: ಕೊಡಗಿನ ಯುವ ವಕೀಲರಿಗೆ ಬಹಿರಂಗ ಪತ್ರ

ಪ್ರೀತಿಯ ವಕೀಲ ಮಿತ್ರರೇ,

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ. ಈ ಊರುಗಳಲ್ಲಿ ಎಲ್ಲೇ ನೀವು ಹೊಸದಾಗಿ ಕರಿ ಕೋಟು ಹಾಕಿದ್ದರೂ ಈ ಪತ್ರ ನಿಮಗೇ. ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಿಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಹಾಡಿಯನ್ನು, ಅಂದರೆ ಆದಿವಾಸಿಗಳ ಒಂದೊಂದು ಪುಟ್ಟ ಊರನ್ನು, ವಹಿಸಿಕೊಳ್ಳಬೇಕು. ಆ ಹಾಡಿಯ ಅರಣ್ಯ ಹಕ್ಕಿನ ಅರ್ಜಿ, ತಿರಸ್ಕಾರದ ನೋಟಿಸು, ಮೇಲ್ಮನವಿ, ಬೇಕಾದರೆ ಹೈಕೋರ್ಟಿನ ರಿಟ್ ಕೂಡ ನಿಮ್ಮ ಜವಾಬ್ದಾರಿ ಆಗಬೇಕು. ಈ ಜನರ ಪರ ನಿಂತಿದ್ದ ವಕೀಲ ಎ.ಕೆ. ಸುಬ್ಬಯ್ಯನವರು 2019ರ ಆಗಸ್ಟ್ 27ರಂದು ತೀರಿಕೊಂಡರು. ಅವರು ಹೋದ ಮೇಲೆ ಹಾಡಿಯ ಜನ, ತೋಟದ ಕೆಲಸದವರಿಗೆ ಸಾಲಾಗಿ ಕಟ್ಟಿದ ಲೈನ್ ಮನೆಯ ಜನ ಕಷ್ಟ ಬಂದಾಗ ಯಾವ ವಕೀಲರ ಬಾಗಿಲು ತಟ್ಟಬೇಕು ಅಂತ ನನ್ನನ್ನು ಕೇಳುತ್ತಾರೆ. ಹೇಳಲು ನನ್ನ ಹತ್ತಿರ ಹೆಸರು ಜಾಸ್ತಿ ಇಲ್ಲ. ಅದಕ್ಕೇ ಈ ಪತ್ರ.

ನಾನು ವಕೀಲನಲ್ಲ. ತಾಲೂಕು ಕಚೇರಿಯೊಂದರ ಹೊರಗೆ ಟೇಬಲ್ ಹಾಕಿಕೊಂಡು ಅರ್ಜಿ ಬರೆದುಕೊಡುವವನು. ಪಹಣಿ ತಿದ್ದುಪಡಿ, ಪೌತಿ ಖಾತೆ, 94ಸಿ (ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯ ಸಕ್ರಮ), ನಮೂನೆ 57 (ಸರ್ಕಾರಿ ಜಾಗದ ಸಾಗುವಳಿಯ ಸಕ್ರಮ), ವಿಧವಾ ವೇತನ, ರೇಷನ್ ಕಾರ್ಡು, ಎಲ್ಲ ಬರೆಯುತ್ತೇನೆ. ಜಮ್ಮಾ ಬಾಣೆಯ (ಕೊಡಗಿನ ವಂಶಪಾರಂಪರ್ಯ ಹಿಡುವಳಿ ಜಾಗದ) ತಕರಾರು ಇರುವವರು ನನ್ನ ಹತ್ತಿರ ಬರೆಸಿದರೂ ಕೊನೆಗೆ ನಿಮ್ಮ ಹತ್ತಿರ ಬರುತ್ತಾರೆ. ಅವರಿಗೆ ಫೀಸು ಕೊಡುವ ಶಕ್ತಿ ಇದೆ. ಹಾಡಿಯಿಂದ ಬರುವವರು ನನ್ನ ಟೇಬಲ್ಲಿಗೇ ನಿಲ್ಲುತ್ತಾರೆ. ಅಲ್ಲಿಂದ ಮುಂದೆ ಕೋರ್ಟಿನ ಕಡೆಗೆ ಅವರ ದಾರಿ ಹೋಗುವುದೇ ಇಲ್ಲ.

ಸುಬ್ಬಯ್ಯನವರ ಬಗ್ಗೆ ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆಯೋ ತಿಳಿಯದು. ಅವರು ಸುದ್ದಿಯಲ್ಲಿದ್ದ ಕಾಲದಲ್ಲಿ ನಿಮ್ಮಲ್ಲಿ ಬಹಳ ಜನ ಹುಟ್ಟಿರಲೇ ಇಲ್ಲ. ಆದ್ದರಿಂದ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಅಜ್ಜಿಕುಟ್ಟಿರ ಮನೆತನದವರು, ದಕ್ಷಿಣ ಕೊಡಗಿನ ಹುದಿಕೇರಿ ಕಡೆಯವರು. ವೃತ್ತಿಯಲ್ಲಿ ವಕೀಲರು, ರಾಜಕೀಯದಲ್ಲಿ ಜನಸಂಘದ ಮನುಷ್ಯ. 1980ರಲ್ಲಿ ಬಿಜೆಪಿ ಹುಟ್ಟಿದಾಗ ಕರ್ನಾಟಕಕ್ಕೆ ಅದರ ಮೊದಲ ರಾಜ್ಯಾಧ್ಯಕ್ಷರು ಇವರೇ. ಇವತ್ತು ಆ ಪಕ್ಷ ಇರುವ ಸ್ಥಿತಿ ನೋಡಿ ಆಗಿನದನ್ನು ಊಹಿಸಿಕೊಳ್ಳಬೇಡಿ. ಆಗ ರಾಜ್ಯದಲ್ಲಿ ಅದಕ್ಕೆ ನೆಲೆಯೇ ಗಟ್ಟಿ ಇರಲಿಲ್ಲ. ಅಧ್ಯಕ್ಷರಾದವರು ಊರೂರು ತಿರುಗಿ ಪಕ್ಷ ಕಟ್ಟಬೇಕಿತ್ತು. ಕೊಡಗಿನಂಥ ಮೂಲೆಯ ಜಿಲ್ಲೆಯ ಒಬ್ಬ ವಕೀಲರು ಆ ಕೆಲಸ ಮಾಡಿದರು.

ಅದೇ ಸಮಯಕ್ಕೆ ಮುಖ್ಯಮಂತ್ರಿ ಕುರ್ಚಿಯಲ್ಲಿ ಇದ್ದವರೂ ಕೊಡಗಿನವರು. ಕುಶಾಲನಗರದ ಆರ್. ಗುಂಡೂರಾವ್. 1980ರ ಜನವರಿಯಿಂದ 1983ರ ಜನವರಿವರೆಗೆ ಅವರ ಸರ್ಕಾರ. ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆದದ್ದು ಆಗ. ಗೋಕಾಕ್ ಚಳವಳಿ ನಾಡಿಡೀ ಹಬ್ಬಿದ್ದೂ ಆಗಲೇ. ಆ ಸರ್ಕಾರದ ಎದುರು ವಿಧಾನ ಪರಿಷತ್ತಿನಲ್ಲಿ ನಿಂತು ಗುಡುಗಿದವರು ಸುಬ್ಬಯ್ಯ. ಯೋಚಿಸಿ ನೋಡಿ. ಇಷ್ಟು ಸಣ್ಣ ಜಿಲ್ಲೆ. ಆಳುವವರೂ ಇಲ್ಲಿಯವರು, ಅವರನ್ನು ಎಲ್ಲರಿಗಿಂತ ಗಟ್ಟಿಯಾಗಿ ಪ್ರಶ್ನಿಸಿದವರೂ ಇಲ್ಲಿಯವರು. ನಮ್ಮ ಜಿಲ್ಲೆಯವರು ಮುಖ್ಯಮಂತ್ರಿ ಆಗಿದ್ದಾರೆ, ಸುಮ್ಮನಿದ್ದರೆ ಊರಿಗೆ ಒಳ್ಳೆಯದು ಅಂತ ಸುಬ್ಬಯ್ಯನವರು ಲೆಕ್ಕ ಹಾಕಲಿಲ್ಲ. ಪರಿಷತ್ತನ್ನು ಚಿಂತಕರ ಚಾವಡಿ ಅನ್ನುತ್ತಾರೆ. ಅವರು ಅದನ್ನು ಕೋರ್ಟ್ ಹಾಲ್ ತರಹ ಬಳಸಿದರು. ಪ್ರಶ್ನೆ ಕೇಳುವುದು, ಉತ್ತರದಲ್ಲಿ ಸಿಕ್ಕಿದ ಬಿರುಕು ಹಿಡಿದು ಮತ್ತೆ ಪ್ರಶ್ನೆ ಕೇಳುವುದು. ಪಾಟೀಸವಾಲು ಗೊತ್ತಿದ್ದವರಿಗೆ ಮಾತ್ರ ಬರುವ ಕಲೆ ಅದು.

1983ರ ಚುನಾವಣೆಯಲ್ಲಿ ಗುಂಡೂರಾವ್ ತಮ್ಮ ಸೋಮವಾರಪೇಟೆ ಕ್ಷೇತ್ರದಲ್ಲೇ ಸೋತರು. ಬಿಜೆಪಿಗೆ 18 ಸ್ಥಾನ ಬಂತು. ರಾಮಕೃಷ್ಣ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಮಾಡಿದರು, ಬಿಜೆಪಿ ಹೊರಗಿನಿಂದ ಬೆಂಬಲ ಕೊಟ್ಟಿತು. ಬೇರೆ ಯಾರೇ ಆಗಿದ್ದರೂ ಆ ಹೊತ್ತಿಗೆ ತಮ್ಮ ಫಸಲು ಕೊಯ್ದುಕೊಳ್ಳುತ್ತಿದ್ದರು. ಸುಬ್ಬಯ್ಯನವರು ಹೆಗಡೆ ಸರ್ಕಾರವನ್ನೂ ಬಿಡಲಿಲ್ಲ. ತಪ್ಪು ಕಂಡಲ್ಲಿ ಬೈದರು. ಕೊನೆಗೆ ತಾವೇ ಕಟ್ಟಿದ ಪಕ್ಷದಿಂದ ಹೊರಗೆ ಬಂದರು. ಕನ್ನಡ ನಾಡು ಅಂತ ಒಂದು ಪ್ರಾದೇಶಿಕ ಪಕ್ಷ ಮಾಡಿ ನೋಡಿದರು, ಅದು ನಿಲ್ಲಲಿಲ್ಲ. ಮುಂದೆ ಕಾಂಗ್ರೆಸ್ ಕಡೆಗೆ ಬಂದರು. ಒಂದು ಕಾಲದಲ್ಲಿ ತಾವು ಮುನ್ನಡೆಸಿದ ಸಿದ್ಧಾಂತವನ್ನು ಕೊನೆಯವರೆಗೂ ಟೀಕಿಸಿದರು.

ಇದನ್ನು ಪಕ್ಷಾಂತರ ಅನ್ನುವವರು ಇದ್ದಾರೆ. ನಾನು ಹಾಗೆ ಅನ್ನುವುದಿಲ್ಲ. ಪಕ್ಷ ಬದಲಿಸಿ ಮಂತ್ರಿ ಆದವರು, ನಿಗಮದ ಅಧ್ಯಕ್ಷರಾದವರು ನಮ್ಮ ಕಣ್ಣೆದುರು ಬೇಕಾದಷ್ಟು ಇದ್ದಾರೆ. ಇವರು ಪ್ರತಿ ಸಲ ಬದಲಿಸಿದಾಗಲೂ ಕೈಯಲ್ಲಿದ್ದದ್ದನ್ನು ಕಳೆದುಕೊಂಡರೇ ವಿನಾ ಗಳಿಸಲಿಲ್ಲ. ಅವರ ನಾಲಿಗೆ ಕಹಿ ಇತ್ತು, ಅದು ನಿಜ. ಹತ್ತಿರದವರನ್ನೂ ದೂರ ಮಾಡಿಕೊಳ್ಳುತ್ತಿದ್ದರು. ಇಷ್ಟು ಬುದ್ಧಿವಂತ ಮನುಷ್ಯ ಒಂದು ಕಡೆ ನಿಂತು ಒಂದು ಸಂಘಟನೆ ಕಟ್ಟಿದ್ದರೆ ಇವತ್ತು ನಾನು ಈ ಪತ್ರ ಬರೆಯಬೇಕಾಗಿ ಬರುತ್ತಿರಲಿಲ್ಲ ಅಂತ ನನಗೆ ಎಷ್ಟೋ ಸಲ ಅನಿಸಿದೆ. ಅವರ ಹಿಂದೆ ಒಂದು ತಂಡ ಉಳಿಯಲಿಲ್ಲ. ಅವರು ಒಬ್ಬರೇ ಒಂದು ತಂಡದಂತೆ ಇದ್ದರು, ಅವರು ಹೋದಾಗ ತಂಡವೂ ಹೋಯಿತು.

ಕೊಡಗಿನಿಂದ ವಿಧಾನಸೌಧಕ್ಕೆ ಹೋದ ಕಾನೂನು ಓದಿದವರು ಅವರೊಬ್ಬರೇ ಅಲ್ಲ. ಎಂ.ಸಿ. ನಾಣಯ್ಯನವರು ಕಾನೂನು ಮಂತ್ರಿಯಾಗಿದ್ದರು. ಕೆ.ಜಿ. ಬೋಪಯ್ಯನವರು ಸ್ಪೀಕರ್ ಆದರು. 2010ರಲ್ಲಿ ಅವರು ಶಾಸಕರನ್ನು ಅನರ್ಹ ಮಾಡಿ ಕೊಟ್ಟ ಆದೇಶ, ಮರುವರ್ಷ ಅದನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು, ಎರಡೂ ನಿಮಗೆ ಪಾಠದಲ್ಲಿ ಬಂದಿರಬೇಕು. ಸುಬ್ಬಯ್ಯನವರ ಮಗ ಎ.ಎಸ್. ಪೊನ್ನಣ್ಣನವರು ಹೈಕೋರ್ಟಿನ ಹಿರಿಯ ವಕೀಲರು. 2023ರಲ್ಲಿ ಇದೇ ಬೋಪಯ್ಯನವರ ಎದುರು ಗೆದ್ದು ವಿರಾಜಪೇಟೆಯ ಶಾಸಕರಾದರು. ಅವರಿಗೆ ಹೇಳಬೇಕಾದ್ದು ಬೇರೆ ಇದೆ, ಅದನ್ನು ಅವರಿಗೇ ಬರೆಯಬಹುದು. ಶಾಸಕರು ಸದನದಲ್ಲಿ ಮಾತಾಡಬಲ್ಲರು, ಅನುದಾನ ತರಬಲ್ಲರು. ಹಾಡಿಯ ಒಂದೊಂದು ಕಾಗದ ಹಿಡಿದು ಉಪವಿಭಾಗಾಧಿಕಾರಿ ಕಚೇರಿಗೆ ಅಲೆಯುವುದು ಶಾಸಕರ ಕೈಲಿ ಆಗುವ ಕೆಲಸವಲ್ಲ. ಅದು ನಿಮ್ಮ ಕೈಲಿ ಆಗುವ ಕೆಲಸ.

ವಕೀಲರೇ ಯಾಕೆ ಅಂತ ಕೇಳಬಹುದು. ಈ ಜಿಲ್ಲೆಯ ಲೆಕ್ಕ ನೋಡಿ. 1952ರಲ್ಲಿ ಕೊಡಗು ಸ್ವಂತ ರಾಜ್ಯವಾಗಿದ್ದಾಗ 24 ಜನರ ವಿಧಾನಸಭೆ ಇತ್ತು. ಚೆಪ್ಪುಡಿರ ಪೂಣಚ್ಚನವರು ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯದೊಂದಿಗೆ ಸೇರಿದೆವು. ಆಮೇಲೆ ಬಹಳ ಕಾಲ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಅಂತ ಮೂರು ಕ್ಷೇತ್ರ ಇದ್ದವು. 2008ರ ಹೊತ್ತಿಗೆ ಕ್ಷೇತ್ರ ಪುನರ್ವಿಂಗಡಣೆ ಆಗಿ ಎರಡಕ್ಕೆ ಇಳಿಯಿತು. 224ರಲ್ಲಿ 2. ಇದು ಎಲ್ಲರಿಗೂ ಗೊತ್ತಿರುವ ದುಃಖ, ವೇದಿಕೆ ಸಿಕ್ಕಾಗಲೆಲ್ಲ ಹೇಳುತ್ತೇವೆ. ಆದರೆ ಅದರೊಳಗೆ ಇನ್ನೊಂದು ನಷ್ಟ ಇದೆ, ಅದನ್ನು ಹೇಳುವವರು ಕಡಿಮೆ. ಅದಕ್ಕೆ ಮೊದಲು ವಿರಾಜಪೇಟೆ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ಪುನರ್ವಿಂಗಡಣೆಯಲ್ಲಿ ಅದು ಸಾಮಾನ್ಯ ಕ್ಷೇತ್ರವಾಯಿತು. ಜೇನುಕುರುಬರು, ಬೆಟ್ಟಕುರುಬರು, ಯರವರು, ಕುಡಿಯರು ಇರುವ ಜಿಲ್ಲೆಯಿಂದ ಆ ಸಮುದಾಯಗಳಿಗೆ ಅಂತ ಇದ್ದ ಒಂದೇ ಒಂದು ಕುರ್ಚಿ ಹೋಯಿತು. ಸದನದಲ್ಲಿ ಕುರ್ಚಿ ಇಲ್ಲದವರಿಗೆ ಉಳಿದಿರುವ ಜಾಗ ಕೋರ್ಟು. ಕೋರ್ಟಿನಲ್ಲಿ ಅವರ ಪರ ಎದ್ದು ನಿಲ್ಲಬೇಕಾದವರು ನೀವು.

ಈಗ ದಿಡ್ಡಳ್ಳಿ ವಿಷಯಕ್ಕೆ ಬರುತ್ತೇನೆ. ನಿಮ್ಮಲ್ಲಿ ಕೆಲವರು ಆಗ ಕಾಲೇಜಿನಲ್ಲಿದ್ದಿರಬೇಕು.

ಸಿದ್ದಾಪುರ ದಾಟಿ ಮಾಲ್ದಾರೆ ಕಡೆ ಹೋದರೆ ದಿಡ್ಡಳ್ಳಿ. ತೋಟಗಳ ಲೈನ್ ಮನೆಗಳಿಂದ ಹೊರಬಿದ್ದ ಐನೂರಕ್ಕೂ ಹೆಚ್ಚು ಕುಟುಂಬಗಳು ಅಲ್ಲಿ ಗುಡಿಸಲು ಹಾಕಿಕೊಂಡಿದ್ದವು. 2016ರ ಡಿಸೆಂಬರಿನಲ್ಲಿ, ಚಳಿ ಕೊರೆಯುವ ಹೊತ್ತಿನಲ್ಲಿ, ಅರಣ್ಯ ಇಲಾಖೆ ಅವನ್ನು ಕೆಡವಿತು. ಇದು ಮೀಸಲು ಅರಣ್ಯ ಅಂತ ಇಲಾಖೆ ಹೇಳಿತು. ಇದು ಪೈಸಾರಿ, ಅಂದರೆ ಸರ್ಕಾರದ ಕಂದಾಯ ಜಾಗ ಅಂತ ಜನ ಹೇಳಿದರು. ಆ ಜನ ಜಾಗ ಬಿಟ್ಟು ಹೋಗಲಿಲ್ಲ. ಕೆಡವಿದ ಜಾಗದಲ್ಲೇ, ಬಯಲಲ್ಲೇ, ಮಕ್ಕಳನ್ನು ಕಟ್ಟಿಕೊಂಡು ಕೂತರು.

ಎಂಬತ್ತರ ಆಸುಪಾಸಿನಲ್ಲಿದ್ದ ಸುಬ್ಬಯ್ಯನವರು ಆ ಹೋರಾಟದ ಮುಂದೆ ನಿಂತರು. ಆಗ ಇದ್ದದ್ದು ಕಾಂಗ್ರೆಸ್ ಸರ್ಕಾರ, ಅವರು ಇದ್ದದ್ದೂ ಆ ಪಕ್ಷದ ಕಡೆಗೇ. ಲೈನ್ ಮನೆಗಳ ಪ್ರಶ್ನೆ ಎತ್ತಿದರೆ ಬೇಜಾರಾಗುವವರು ಅವರದೇ ಸಮುದಾಯದಲ್ಲಿ, ನೆಂಟರಿಷ್ಟರಲ್ಲಿ ಇದ್ದರು. ಆ ವಯಸ್ಸಿನಲ್ಲಿ ಅವರಿಗೆ ಯಾವ ಚುನಾವಣೆಯೂ ಬೇಕಿರಲಿಲ್ಲ. ಮನೆಯಲ್ಲಿ ಕಂಬಳಿ ಹೊದ್ದು ಕೂತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ರಾಜ್ಯದ ಮೂಲೆ ಮೂಲೆಯಿಂದ ಹೋರಾಟಗಾರರು ಬಂದರು, ಪತ್ರಿಕೆಗಳು ಬರೆದವು, ವಿಷಯ ವಿಧಾನಸೌಧದವರೆಗೆ ಹೋಯಿತು. ಕೊನೆಗೆ ಸರ್ಕಾರ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಜಾಗ ಕೊಟ್ಟು ಮನೆ ಕಟ್ಟಿಸಿತು.

ಪೂರ್ತಿ ಗೆಲುವಲ್ಲ ಇದು. ಕಾಡಿನಂಚಿನಲ್ಲಿ ಬೆಳೆದವರನ್ನು ಕುಶಾಲನಗರದ ಕಡೆಗೆ ಕಳಿಸಲಾಯಿತು. ಎಲ್ಲರಿಗೂ ಅದು ಒಪ್ಪಿಗೆಯಾಗಿರಲಿಲ್ಲ. ಆದರೂ ತಲೆ ಮೇಲೆ ಒಂದು ಸೂರು ಬಂತು. ತೋಟದ ಸಾವ್ಕಾರರು ಹೊರಡು ಅಂದರೆ ಹೊರಡಬೇಕು ಅನ್ನುವ ಸ್ಥಿತಿಯಿಂದ ಅಷ್ಟು ಕುಟುಂಬಗಳು ಹೊರಬಂದವು. ಒಬ್ಬ ವಕೀಲರು ತಮ್ಮ ಹೆಸರನ್ನು, ಮಾತನ್ನು, ಕಾನೂನಿನ ತಿಳಿವಳಿಕೆಯನ್ನು ಅವರ ಪರ ಇಟ್ಟದ್ದರ ಬೆಲೆ ಏನು ಅಂತ ಆ ಸೂರಿನ ಕೆಳಗೆ ಮಲಗುವವರನ್ನು ಕೇಳಿ.

ದಿಡ್ಡಳ್ಳಿ ಒಂದು ದೊಡ್ಡ ಪ್ರಶ್ನೆಯನ್ನು ಬಿಟ್ಟುಹೋಗಿದೆ. ಅದು ಕಾನೂನಿನ ಪ್ರಶ್ನೆ. ಅರಣ್ಯ ಹಕ್ಕು ಕಾಯ್ದೆ 2006ರದ್ದು. 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನಲ್ಲಿ ನೆಲೆಸಿದ್ದು ಉಳುಮೆ ಮಾಡುತ್ತಿದ್ದ ಆದಿವಾಸಿ ಕುಟುಂಬಕ್ಕೆ 4 ಹೆಕ್ಟೇರ್ ಮೀರದಂತೆ ಹಕ್ಕು ಕೊಡಬೇಕು ಅಂತ ಹೇಳುತ್ತದೆ. ಒಳ್ಳೆಯ ಕಾಯ್ದೆ. ಆದರೆ ಅಜ್ಜನ ಕಾಲದಲ್ಲೇ ಕಾಡು ಬಿಡಿಸಿ ತೋಟದ ಲೈನಿಗೆ ತಂದು ಕೂರಿಸಿದವರ ಗತಿ ಏನು? ಲೈನ್ ಮನೆ ಅವರದ್ದಲ್ಲ. ಅಲ್ಲಿನ ವಿಳಾಸ ಅವರದ್ದಲ್ಲ. ತೋಟ ಬದಲಾದರೆ ವಿಳಾಸವೂ ಬದಲಾಗುತ್ತದೆ. ಎಷ್ಟೋ ಕಡೆ ಮುಂಗಡ ಸಾಲ ಬೇರೆ, ಅದು ತೀರುವವರೆಗೆ ತೋಟದ ಲೆಕ್ಕ ನೋಡುವ ರೈಟರು ಬಿಡುವುದಿಲ್ಲ. 1976ರಲ್ಲೇ ಜೀತ ಪದ್ಧತಿ ರದ್ದಾಗಿರುವ ದೇಶ ಇದು. ಸಾಲದ ಲೆಕ್ಕದ ಹೆಸರಲ್ಲಿ ಮನುಷ್ಯರನ್ನು ಹಿಡಿದಿಟ್ಟುಕೊಳ್ಳುವುದು ಅಪರಾಧ ಅಂತ ನಿಮಗೆ ಗೊತ್ತು. ಅವರಿಗೆ ಗೊತ್ತಿಲ್ಲ. ಇವರಿಗೆ 2005ರ ದಾಖಲೆ ತೋರಿಸು ಅಂದರೆ ಎಲ್ಲಿಂದ ತರುತ್ತಾರೆ? ಇಂಥವರಿಗೆ ಯಾವ ಕಾಯ್ದೆಯಲ್ಲಿ ದಾರಿ ಇದೆ, ನಿವೇಶನದ ಯೋಜನೆಯಲ್ಲೋ, 94ಸಿಯಲ್ಲೋ, ಪೈಸಾರಿ ಹಂಚಿಕೆಯಲ್ಲೋ, ಅದನ್ನು ಹುಡುಕುವುದು ತಲೆ ಇರುವ ವಕೀಲರ ಕೆಲಸ.

ಕಾಡಿನಲ್ಲೇ ಉಳಿದ ಹಾಡಿಗಳ ಕಥೆ ಬೇರೆ. ಅವರಿಗೆ ಕಾಯ್ದೆ ಸ್ಪಷ್ಟವಾಗಿ ಇದೆ. ಅಲ್ಲಿ ಏನಾಗುತ್ತಿದೆ ಅಂತ ಒಂದು ಕಾಗದದ ಮೂಲಕ ತೋರಿಸುತ್ತೇನೆ.

ಒಂದು ಸಂತೆಯ ದಿನ ಯರವರ ಹೆಂಗಸೊಬ್ಬರು ನನ್ನ ಟೇಬಲ್ಲಿಗೆ ಬಂದರು. ಸೀರೆಯ ಸೆರಗಿನಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ರೇಷನ್ ಕಾರ್ಡು, ವೋಟರ್ ಐಡಿ, ಗಂಡನ ಒಂದು ಫೋಟೋ, ನಾಲ್ಕಾಗಿ ಮಡಿಸಿದ ಒಂದು ಹಾಳೆ. ಮಡಿಕೆಯ ಜಾಗ ಹರಿದು ಹೋಗಿತ್ತು. ಮಳೆಯ ತೇವಕ್ಕೆ ಸೀಲಿನ ಶಾಯಿ ಹರಡಿ ನೇರಳೆ ಕಲೆಯಾಗಿತ್ತು. "ಅಣ್ಣ, ಇದು ಹಕ್ಕುಪತ್ರ ಅಲ್ವಾ? ಇದನ್ನು ಇಟ್ಟುಕೊಂಡು ಮನೆಗೆ ಕರೆಂಟ್ ಕೇಳಬಹುದಾ?" ಅಂತ ಕೇಳಿದರು. ಬಿಡಿಸಿ ಓದಿದೆ. ಅದು ತಿರಸ್ಕಾರದ ನೋಟಿಸು. ದಾಖಲೆಗಳ ಕೊರತೆ ಇರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ ಅಂತ ಒಂದೇ ಸಾಲು. ಯಾವ ದಾಖಲೆ ಕೊರತೆ ಅಂತ ಇಲ್ಲ. ಅವರ ಕೈಗೆ ಯಾವ ದಿನ ಕೊಟ್ಟರು ಅಂತಲೂ ಇಲ್ಲ. ಸರ್ಕಾರಿ ಸೀಲು ಇದೆ, ತಮ್ಮ ಹೆಸರಿದೆ, ಆದ್ದರಿಂದ ಅದು ಹಕ್ಕುಪತ್ರ ಅಂತ ನಂಬಿ ಆ ಹೆಂಗಸು ಅದನ್ನು ಅಷ್ಟು ಜೋಪಾನ ಮಾಡಿದ್ದರು. ತಂದುಕೊಟ್ಟವರು ಓದಿ ಹೇಳಿರಲಿಲ್ಲ.

ಇಲ್ಲಿ ಒಬ್ಬ ವಕೀಲರು ಇದ್ದಿದ್ದರೆ ಏನು ಮಾಡುತ್ತಿದ್ದರು ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದರೂ ಬರೆಯುತ್ತೇನೆ, ಯಾಕೆಂದರೆ ಈ ಕಾಯ್ದೆಯನ್ನು ಕಾಲೇಜಿನಲ್ಲಿ ಒಂದು ಪುಟದಲ್ಲಿ ಮುಗಿಸುತ್ತಾರೆ ಅಂತ ಕೇಳಿದ್ದೇನೆ. ಹಕ್ಕಿನ ಅರ್ಜಿ ಮೊದಲು ಹೋಗುವುದು ಗ್ರಾಮಸಭೆಗೆ. ಅರಣ್ಯ ಹಕ್ಕು ಸಮಿತಿ ಜಾಗ ನೋಡಿ ವರದಿ ಕೊಡುತ್ತದೆ, ಗ್ರಾಮಸಭೆ ನಿರ್ಣಯ ಮಾಡುತ್ತದೆ. ಆಮೇಲೆ ಉಪವಿಭಾಗ ಮಟ್ಟದ ಸಮಿತಿ, ಅದರ ಮೇಲೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಸಮಿತಿ. ತಿರಸ್ಕಾರವಾದರೆ ಕಾರಣ ಬರೆದು ಅರ್ಜಿದಾರರಿಗೇ ಖುದ್ದಾಗಿ ತಿಳಿಸಬೇಕು. 60 ದಿನದೊಳಗೆ ಮೇಲಿನ ಸಮಿತಿಗೆ ಹೋಗಬಹುದು. ಅರ್ಜಿದಾರರ ಮಾತು ಕೇಳದೆ ಅವರ ವಿರುದ್ಧ ತೀರ್ಮಾನ ಮಾಡುವ ಹಾಗಿಲ್ಲ. ಪುರಾವೆ ಅಂದರೆ ಬರೀ ಪಹಣಿ, ಪಟ್ಟೆ ಅಲ್ಲ. ಹಾಡಿಯ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪುರಾವೆ. ಹಳೆಯ ಮನೆಯ ತಳಪಾಯ, ಬಾವಿ, ಸಮಾಧಿ, ದೇವರ ಜಾಗ ಇವೂ ಪುರಾವೆ. ಇಂಥ ಎರಡು ಇದ್ದರೆ ಅರ್ಜಿಗೆ ಸಾಕು. ಇಂಥದ್ದೇ ಕಾಗದ ತಾ ಅಂತ ಹಟ ಹಿಡಿಯಲು ಅಧಿಕಾರಿಗಳಿಗೆ ನಿಯಮದಲ್ಲಿ ಅವಕಾಶ ಇಲ್ಲ. ಮುಖ್ಯವಾಗಿ, ಈ ಪರಿಶೀಲನೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಕಲಂ 4(5) ಅದನ್ನು ಬಿಡಿಸಿ ಹೇಳುತ್ತದೆ.

ಇಷ್ಟೆಲ್ಲ ಕಾಯ್ದೆಯಲ್ಲಿದ್ದೂ ಆ ಹೆಂಗಸಿನ ಕೈಯಲ್ಲಿದ್ದದ್ದು ಒಂದು ಸಾಲಿನ ಕಾಗದ. 60 ದಿನ ಯಾವಾಗಲೋ ಕಳೆದಿತ್ತು. ನೋಟಿಸು ಕೈಗೆ ಬಂದ ದಿನಾಂಕವೇ ಇಲ್ಲದಿರುವಾಗ 60 ದಿನ ಯಾವತ್ತಿನಿಂದ ಶುರು ಅಂತ ಕೇಳಬೇಕಾದವರು ಯಾರು? ನಾನು ಬರೆದುಕೊಟ್ಟ ಅರ್ಜಿಗೆ ಸ್ವೀಕೃತಿಯ ಸೀಲು ಬೀಳುತ್ತದೆ, ಅಷ್ಟೆ. ಅದೇ ಪ್ರಶ್ನೆಯನ್ನು ವಕಾಲತ್ತಿನ ಜೊತೆ ನೀವು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.

2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್, ಅರ್ಜಿ ತಿರಸ್ಕಾರವಾದವರನ್ನು ಕಾಡಿನಿಂದ ತೆರವು ಮಾಡಿ ಅಂತ ಆದೇಶ ಮಾಡಿತ್ತು. ಅದೇ ತಿಂಗಳು 28ರಂದು ತಾನೇ ಅದಕ್ಕೆ ತಡೆ ಕೊಟ್ಟಿತು. ಆ ಎರಡು ವಾರ ಹಾಡಿಗಳಲ್ಲಿ ಎಂಥ ದಿಗಿಲು ಇತ್ತು ಅಂತ ಹೇಳಲಾರೆ. ಆ ಒಂದು ಸಾಲಿನ ತಿರಸ್ಕಾರದ ತೂಕ ಎಷ್ಟು ಅಂತ ಅವತ್ತು ಗೊತ್ತಾಯಿತು. ಗುಮಾಸ್ತರ ಟೇಬಲ್ಲಿನಲ್ಲಿ ಅದು ಸಣ್ಣ ಕೆಲಸ. ಹಾಡಿಯಲ್ಲಿ ಅದೇ ಕಾಗದ ಮನೆ ಮುರಿಯಲು ಸಾಕಾಗುತ್ತದೆ.

ಕೋರ್ಟಿಗೆ ಹೋದರೆ ಏನು ಸಿಗುತ್ತದೆ ಅನ್ನುವವರಿಗೆ ನಮ್ಮದೇ ನಾಗರಹೊಳೆಯ ಉದಾಹರಣೆ ಇದೆ. ಕಾಡಿನೊಳಗಿನ ಕಟ್ಟಡಗಳನ್ನು ಒಂದು ದೊಡ್ಡ ಹೋಟೆಲ್ ಕಂಪನಿಗೆ ಗುತ್ತಿಗೆ ಕೊಟ್ಟು ರೆಸಾರ್ಟ್ ಮಾಡಿಸಲು ಸರ್ಕಾರ ಹೊರಟಿತ್ತು. ಹಾಡಿಯವರನ್ನು ಕಾಡು ಹಾಳು ಮಾಡುತ್ತೀರಿ ಅಂತ ಹೊರಗೆ ಕಳಿಸುವ ಮಾತಾಡುತ್ತಿದ್ದ ಕಾಲದಲ್ಲೇ ಇದು. ನಾಗರಹೊಳೆಯ ಬುಡಕಟ್ಟು ಜನ ಸಂಘಟನೆ ಮಾಡಿಕೊಂಡು ಹೈಕೋರ್ಟಿಗೆ ಹೋದರು. 1997ರಲ್ಲಿ ಗೆದ್ದರು. ಆ ಗುತ್ತಿಗೆ ಅರಣ್ಯ ಸಂರಕ್ಷಣಾ ಕಾಯ್ದೆಗೂ ವನ್ಯಜೀವಿ ಕಾಯ್ದೆಗೂ ವಿರುದ್ಧ ಅಂತ ಕೋರ್ಟ್ ಹೇಳಿತು. ರೆಸಾರ್ಟ್ ಬರಲಿಲ್ಲ. ಕಾಡು ಉಳಿಸಿದವರು ಯಾರು ಅಂತ ಈ ತೀರ್ಪನ್ನು ಓದಿದವರಿಗೆ ಬೇರೆ ಹೇಳಬೇಕಿಲ್ಲ.

ಅದೇ ನಾಗರಹೊಳೆಯ ಅತ್ತೂರು ಕೊಲ್ಲಿಯಲ್ಲಿ 2025ರ ಮೇ ತಿಂಗಳಲ್ಲಿ ಜೇನುಕುರುಬ ಕುಟುಂಬಗಳು ಹಿಂದೆ ತಮ್ಮವರು ಇದ್ದ ಜಾಗಕ್ಕೆ ಮರಳಿ ಗುಡಿಸಲು ಹಾಕಿದವು. ಇದು ನಮ್ಮ ಹಿರಿಯರ ನೆಲ, ನಮ್ಮ ಹಕ್ಕಿನ ಅರ್ಜಿ ಇತ್ಯರ್ಥ ಮಾಡಿ ಅಂತ ಕೂತರು. ಅದರ ಸರಿ ತಪ್ಪಿನ ಬಗ್ಗೆ ನಿಮಗೆ ನಿಮ್ಮದೇ ಅಭಿಪ್ರಾಯ ಇರಬಹುದು. ಆದರೆ ಕಾಯ್ದೆ ಬಂದು ಇಷ್ಟು ವರ್ಷ ಆದ ಮೇಲೂ ಜನ ಮಳೆಗಾಲದ ಮುಂಚೆ ಪ್ಲಾಸ್ಟಿಕ್ ಹೊದಿಕೆ ಕಟ್ಟಿಕೊಂಡು ಕಾಡಿನಲ್ಲಿ ಕೂರಬೇಕಾಯಿತು ಅಂದರೆ ಕಾಗದದ ದಾರಿ ಅವರ ಪಾಲಿಗೆ ಮುಚ್ಚಿಹೋಗಿದೆ ಅಂತ ಅರ್ಥ. ಆ ದಾರಿ ತೆರೆಯುವುದಕ್ಕೆ ತರಬೇತಿ ಪಡೆದವರು ನೀವು.

ನಿಮ್ಮ ತೊಂದರೆಯೂ ನನಗೆ ಗೊತ್ತು. ಶುರುವಿನ ವರ್ಷಗಳಲ್ಲಿ ಸೀನಿಯರ್ ಕೊಡುವ ಕಾಸು ಪೆಟ್ರೋಲಿಗೆ ಸಾಲುವುದಿಲ್ಲ. ಮನೆಯಲ್ಲಿ ಬೆಂಗಳೂರಿಗೆ ಹೋಗು ಅನ್ನುತ್ತಾರೆ. ಇಲ್ಲೇ ಉಳಿದರೆ ಫೀಸು ಕೊಡುವ ಕಕ್ಷಿದಾರರು ತೋಟದವರು. ಹಾಡಿಯವರ ಪರ ನಿಂತರೆ ಅವರು ಫೈಲು ವಾಪಸ್ ತಗೊಳ್ಳುತ್ತಾರೆ ಅನ್ನುವ ಹೆದರಿಕೆ ಸುಳ್ಳಲ್ಲ. ಎಲ್ಲ ಸಾವ್ಕಾರರೂ ಒಂದೇ ಥರ ಇರುವುದಿಲ್ಲ, ಅದನ್ನೂ ಹೇಳಬೇಕು. ತಮ್ಮ ಲೈನಿನ ಕೆಲಸದವರಿಗೆ ಜಾಗ ಕೊಡಿಸಿ ಅಂತ ತಾವೇ ನನ್ನ ಹತ್ತಿರ ಕರೆದುಕೊಂಡು ಬಂದವರೂ ಇದ್ದಾರೆ. ಕಾಫಿ ಬೆಲೆ, ಆನೆ ಕಾಟ, ಕೆಲಸದವರ ಕೊರತೆ, ಅವರ ಕಷ್ಟ ಅವರಿಗೆ.

ಹಣದ ವಿಷಯಕ್ಕೆ ಒಂದು ದಾರಿ ಕಾನೂನಿನಲ್ಲೇ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗಬೇಕು. ಮಡಿಕೇರಿಯಲ್ಲಿ ಜಿಲ್ಲಾ ಪ್ರಾಧಿಕಾರ ಇದೆ, ಅದರ ಕೆಳಗೆ ತಾಲೂಕು ಸಮಿತಿಗಳಿವೆ. ಪ್ಯಾನೆಲ್ ವಕೀಲರಾಗಿ ನೀವು ಹೆಸರು ಕೊಡಬಹುದು. ಸಿಗುವ ಗೌರವಧನ ಕಡಿಮೆಯೇ. ಆದರೆ ಕಕ್ಷಿದಾರರಿಂದ ಒಂದು ರೂಪಾಯಿ ಮುಟ್ಟದೆ ವಕಾಲತ್ತು ಹಾಕಬಹುದು, ಅಧಿಕೃತವಾಗಿ. ಹಾಡಿಯಲ್ಲಿ ಒಂದು ದಿನ ಕಾನೂನು ಅರಿವು ಶಿಬಿರ ಮಾಡಿ, ಬ್ಯಾನರ್ ಕಟ್ಟಿ, ಫೋಟೋ ತೆಗೆಸಿಕೊಂಡು ವಾಪಸ್ ಬರುವುದು ಬೇಡ. ಅರಿವು ಅವರಿಗೆ ಬೇಕಾದಷ್ಟಿದೆ. ತಮ್ಮ ನೆಲ ಯಾವುದು ಅಂತ ಅವರಿಗೆ ಚೆನ್ನಾಗಿ ಗೊತ್ತು. ಬೇಕಿರುವುದು ಕಾಗದ ಹಿಡಿದು ಕೊನೆವರೆಗೆ ಜೊತೆಗೆ ಬರುವ ಒಬ್ಬ ಮನುಷ್ಯ.

ಆನೆ, ಹುಲಿ, ಕಾಡು ಉಳಿಯಬೇಡವೇ ಅಂತ ನಿಮ್ಮಲ್ಲೇ ಕೆಲವರು ಕೇಳಬಹುದು. ಉಳಿಯಲೇಬೇಕು. ಅದೇ ಕಾಯ್ದೆ ಗ್ರಾಮಸಭೆಗೆ ತನ್ನ ಸಮುದಾಯ ಅರಣ್ಯವನ್ನು ಕಾಯುವ, ನಿರ್ವಹಿಸುವ ಹಕ್ಕನ್ನೂ ಕೊಟ್ಟಿದೆ. ಒಂದು ಕುಟುಂಬದ ತುಂಡು ಜಾಗದ ಅರ್ಜಿಯ ಜೊತೆ ಸಮುದಾಯ ಹಕ್ಕಿನ ಅರ್ಜಿಯನ್ನೂ ಹಾಕಿಸಿ. ನಮ್ಮಲ್ಲಿ ದೇವರಕಾಡು ಉಳಿದದ್ದು ಊರಿನವರು ಅದನ್ನು ತಮ್ಮದು ಅಂದುಕೊಂಡದ್ದರಿಂದ. ಹಾಡಿಯವರಿಗೂ ಅದೇ ನ್ಯಾಯ ಕೊಟ್ಟು ನೋಡೋಣ, ಅಲ್ವಾ?

ಸುಬ್ಬಯ್ಯನವರ ರಾಜಕೀಯ ನಿಮಗೆ ಒಪ್ಪಿಗೆ ಆಗಬೇಕಿಲ್ಲ. ನೀವು ಯಾವ ಪಕ್ಷದವರಾದರೂ ಸರಿ. ಅವರನ್ನು ಬೈಯುವ ಮನೆಯಲ್ಲಿ ಹುಟ್ಟಿ ಬೆಳೆದವರಾದರೂ ಸರಿ. ಎದುರು ಯಾರಿದ್ದಾರೆ ಅಂತ ನೋಡದೆ ಕೇಳಬೇಕಾದ ಪ್ರಶ್ನೆ ಕೇಳುವ ಧೈರ್ಯ ಅವರಲ್ಲಿತ್ತು. ಅದನ್ನಷ್ಟು ತೆಗೆದುಕೊಳ್ಳಿ. ಅವರು ಒಬ್ಬರೇ ಮಾಡಿದ್ದನ್ನು ನೀವು ಒಂದಷ್ಟು ಜನ ಸೇರಿ ಮಾಡಿ. ಒಬ್ಬರ ಮೇಲೆ ಸಿಟ್ಟು ಬಂದರೆ ಫೈಲು ವಾಪಸ್ ತಗೊಳ್ಳಬಹುದು. ಇಪ್ಪತ್ತು ಜನ ಒಟ್ಟಿಗೆ ನಿಂತರೆ ಯಾರ ಹತ್ತಿರದಿಂದ ಅಂತ ತಗೊಳ್ಳುತ್ತಾರೆ?

ಕೆಲಸ ಶುರು ಮಾಡುವ ಬಗ್ಗೆ ಒಂದೆರಡು ಮಾತು. ಕಾಫಿ ಕೊಯ್ಲು ಶುರುವಾದರೆ ಹಾಡಿಯಲ್ಲಿ ಹಗಲು ಯಾರೂ ಸಿಗುವುದಿಲ್ಲ. ಬೆಳಿಗ್ಗೆ ಜೀಪು ಬಂದು ಕರೆದುಕೊಂಡು ಹೋದರೆ ಬರುವುದು ಸಂಜೆ. ಆದ್ದರಿಂದ ಮಳೆ ಕಡಿಮೆಯಾದ ಕೂಡಲೇ, ಕೊಯ್ಲಿಗೆ ಮುಂಚೆ, ರಜೆಯ ದಿನ ಹೋಗಿ. ಮೊದಲ ಸಲ ಯಾವ ಕಾಗದಕ್ಕೂ ಸಹಿ, ಹೆಬ್ಬೆಟ್ಟು ಕೇಳಬೇಡಿ. ಹೆಬ್ಬೆಟ್ಟು ಒತ್ತಿಸಿಕೊಂಡು ಹೋದವರು ತುಂಬ ಜನ ಇದ್ದಾರೆ, ಅವರಿಗೆ ಹೆದರಿಕೆ ಇದೆ. ಅವರ ಹತ್ತಿರ ಇರುವ ಎಲ್ಲ ಕಾಗದದ ಫೋಟೋ ತೆಗೆದುಕೊಳ್ಳಿ. ಪ್ರತಿಯೊಂದನ್ನೂ ಓದಿ ಹೇಳಿ. ಹಿರಿಯರನ್ನು ಮಾತಾಡಿಸಿ ಅವರ ಹೇಳಿಕೆ ಬರೆದುಕೊಳ್ಳಿ. ಅದನ್ನು ಈಗಲೇ ಮಾಡಬೇಕು, ಕಾಡಿನ ಹಳೆಯ ಜಾಗಗಳ ಹೆಸರು ಗೊತ್ತಿರುವವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಗ್ರಾಮಸಭೆ ಇದ್ದ ದಿನ ನೀವೂ ಹೋಗಿ ಹಿಂದೆ ಕೂತುಕೊಳ್ಳಿ. ನಡಾವಳಿ ಪುಸ್ತಕದಲ್ಲಿ ಏನು ಬರೆದರು ಅಂತ ಅಲ್ಲೇ ಓದಿಸಿ.

ಆಮೇಲೆ ನಿಮ್ಮ ಹೆಸರು, ನೀವು ವಹಿಸಿಕೊಂಡ ಹಾಡಿಯ ಹೆಸರು, ಎರಡನ್ನೂ ಬರೆದು ನಿಮ್ಮ ವಕೀಲರ ಸಂಘದ ನೋಟಿಸ್ ಬೋರ್ಡಿನಲ್ಲಿ ಹಾಕಿ. ದೊಡ್ಡ ಅಕ್ಷರದಲ್ಲಿ ಹಾಕಿ. ನನ್ನ ಹತ್ತಿರ ಮಡಿಸಿದ ಕಾಗದ ಹಿಡಿದು ಬಂದವರನ್ನು ನಾನು ನೇರ ಅಲ್ಲಿಗೇ ಕಳಿಸುತ್ತೇನೆ.

ಇಂತಿ ನಿಮ್ಮ,
ತಾಲೂಕು ಕಚೇರಿ ಹೊರಗಿನ ಅರ್ಜಿ ಬರಹಗಾರ,
ದಕ್ಷಿಣ ಕೊಡಗು